ಗದ್ದೆಯ ಕೆಸರಿನಿಂದ ಕರೆಂಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಲೀಟರಿನ ಡಬ್ಬಿಗೆ ಗದ್ದೆಯ ಕೆಸರು ತುಂಬಿದೆವು. ಎರಡು ಪೆನ್ಸಿಲ್ ಕಡ್ಡಿಗಳಿಗೆ ತಾಮ್ರದ ತಂತಿ ಸುತ್ತಿ, ಒಂದನ್ನು ಕೆಸರಿನಲ್ಲಿ ಹೂತು, ಇನ್ನೊಂದನ್ನು ಮೇಲಿನ ನೀರಿನಲ್ಲಿ ಇಟ್ಟೆವು. ಮಲ್ಟಿಮೀಟರ್ ಮೊದಲ ದಿನವೇ 0.5 ವೋಲ್ಟ್ ತೋರಿಸಿತು. ಆದರೆ ಎಲ್‌ಇಡಿ ಉರಿಯುತ್ತಿಲ್ಲ. ತಪ್ಪೆಲ್ಲಿ?
– ಶಿಕ್ಷಕರು, ಗಂಗಾವತಿ

ಉತ್ತರ: ಮೊದಲ ದಿನವೇ ವೋಲ್ಟೇಜ್ ಬಂತು ಎಂಬುದೇ ಅನುಮಾನ ಹುಟ್ಟಿಸುತ್ತದೆ. ಎಲೆಕ್ಟ್ರಾನನ್ನು ಹೊರಗೆ ದಾಟಿಸಬಲ್ಲ ಬ್ಯಾಕ್ಟೀರಿಯಾಗಳು ಆನೋಡಿನ (ಕೆಸರಿನಲ್ಲಿ ಹೂತ ಕಡ್ಡಿಯ) ಮೇಲೆ ಪದರವಾಗಿ ಬೆಳೆಯಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ನೀವು ಅಳೆದದ್ದು ಬಹುಮಟ್ಟಿಗೆ ತಾಮ್ರದ ಕರೆಂಟು. ಕೆಸರಿನ ಸಲ್ಫೈಡ್ ತಾಮ್ರವನ್ನು ತಿನ್ನುತ್ತದೆ. ತಂತಿ ತೆಗೆದು ನೋಡಿದರೆ ಕಪ್ಪಗಾಗಿರುತ್ತದೆ. ಜೊತೆಗೆ ತಾಮ್ರ ಬ್ಯಾಕ್ಟೀರಿಯಾಕ್ಕೆ ವಿಷ. ಸತು ಲೇಪಿಸಿದ ತಂತಿಯೂ ಬೇಡ, ಅದು ನಿಂಬೆಹಣ್ಣಿನ ಬ್ಯಾಟರಿಯಂತೆಯೇ ಆಗಿಬಿಡುತ್ತದೆ.

ಪೆನ್ಸಿಲ್ ಕಡ್ಡಿಯ ಬದಲು 10 ಸೆಂ.ಮೀ. ಚೌಕದ ಗ್ರಾಫೈಟ್ ಫೆಲ್ಟ್ (ಗ್ರಾಫೈಟ್ ಎಳೆಗಳ ಕಂಬಳಿಯಂಥ ಬಟ್ಟೆ) ತುಂಡು ಎರಡು ತನ್ನಿ. ಕಡ್ಡಿಯ ಮೈ ಹತ್ತು ಚದರ ಸೆಂ.ಮೀ. ಕೂಡ ಇರುವುದಿಲ್ಲ; ಫೆಲ್ಟಿನಲ್ಲಿ ಎಳೆ ಎಳೆಗೂ ಬ್ಯಾಕ್ಟೀರಿಯಾ ಕೂರಬಹುದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ತಂತಿಯನ್ನು ಫೆಲ್ಟಿನೊಳಗೆ ಹೊಲಿಗೆಯಂತೆ ಪೋಣಿಸಿ, ಹೊರಬರುವ ಜಾಗಕ್ಕೆ ಎಪಾಕ್ಸಿ ಅಂಟು ಹಚ್ಚಿ ಒಣಗಿಸಿ. ಹೆಚ್ಚಿನ ಡಬ್ಬಿಗಳು ಕೈಕೊಡುವುದು ಈ ಜೋಡಣೆಯಲ್ಲೇ.

ನೀರು ನಿಂತ ಗದ್ದೆಯಲ್ಲಿ ಮೇಲಿನ ಪದರ ಸರಿಸಿ, ಕೆಳಗಿನ ಕಪ್ಪು ಕೆಸರು ತೆಗೆಯಿರಿ. ಕಲ್ಲು, ಬೇರು ಆರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ತಳದಲ್ಲಿ 2 ಸೆಂ.ಮೀ. ಕೆಸರು, ಅದರ ಮೇಲೆ ಒಂದು ಫೆಲ್ಟ್, ಮತ್ತೆ 6 ಸೆಂ.ಮೀ. ಕೆಸರು. ಅಂಗೈಯಿಂದ ಒತ್ತಿ ಗಾಳಿಗುಳ್ಳೆ ಬಿಡಿಸಿ; ಕೆಳಗಿನ ಫೆಲ್ಟಿಗೆ ಆಮ್ಲಜನಕ ತಗುಲಿದರೆ ಎಲೆಕ್ಟ್ರಾನ್ ತಂತಿಗೆ ಬಾರದೆ ಅಲ್ಲೇ ಮುಗಿದುಹೋಗುತ್ತದೆ. ಮೇಲೆ 2 ಸೆಂ.ಮೀ. ನೀರು. ಎರಡನೇ ಫೆಲ್ಟ್ ಅದರಲ್ಲಿ ತೇಲುತ್ತಿರಲಿ, ಮೇಲ್ಮೈ ಗಾಳಿಗೆ ತೆರೆದಿರಲಿ. ನಲ್ಲಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ನೀರು ಆರಿದಂತೆ ಅದೇ ಮಟ್ಟಕ್ಕೆ ತುಂಬುತ್ತಿರಿ.

ಮೊದಲ ದಿನದಿಂದಲೇ ಎರಡು ತಂತಿಗಳ ನಡುವೆ 1000 ಓಮ್ ರೆಸಿಸ್ಟರ್ ಇರಲಿ. ದಿನವೂ ಒಂದೇ ಹೊತ್ತಿಗೆ ಅದರ ಮೇಲೆಯೇ ವೋಲ್ಟೇಜ್ ಅಳೆಯಿರಿ. ಬರೀ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ, ಹಾಗಾಗಿ ಕೆಲಸಕ್ಕೆ ಬಾರದ ಡಬ್ಬಿಯೂ ಅರ್ಧ ವೋಲ್ಟ್ ತೋರಿಸುತ್ತದೆ. ರೆಸಿಸ್ಟರಿನ ಮೇಲೆ 0.3 ವೋಲ್ಟ್ ಬಂದರೆ 0.3 ಮಿಲಿಆಂಪ್, ಅಂದರೆ 0.09 ಮಿಲಿವ್ಯಾಟ್. ಕೆಂಪು ಎಲ್‌ಇಡಿ ಮಂದವಾಗಿ ಉರಿಯಲೂ ಸುಮಾರು 1.8 ವೋಲ್ಟ್, 1 ಮಿಲಿಆಂಪ್ ಬೇಕು: ಇಪ್ಪತ್ತು ಪಟ್ಟು.

ಒಂದೇ ಡಬ್ಬಿಯಲ್ಲಿ ನಾಲ್ಕು ಜೋಡಿ ಇಟ್ಟು ಸರಣಿಯಲ್ಲಿ ಸೇರಿಸಿದರೆ ವೋಲ್ಟೇಜ್ ಕೂಡುವುದಿಲ್ಲ, ಕೆಸರೇ ಅವನ್ನೆಲ್ಲ ಒಂದಾಗಿಸುತ್ತದೆ. ಬೇರೆ ಬೇರೆ ಡಬ್ಬಿ ಸರಣಿಯಲ್ಲಿಟ್ಟರೂ ದುರ್ಬಲವಾದದ್ದು ಧ್ರುವ ತಿರುಗಿಸಿ (ಪ್ಲಸ್-ಮೈನಸ್ ಅದಲುಬದಲಾಗಿ) ಉಳಿದವುಗಳ ಶಕ್ತಿ ನುಂಗುತ್ತದೆ. ಡಬ್ಬಿಗಳನ್ನು ಸಮಾಂತರವಾಗಿ ಸೇರಿಸಿ, 0.3 ವೋಲ್ಟ್‌ಗಿಂತ ಕೆಳಗೇ ಶುರುವಾಗುವ ಬೂಸ್ಟರ್ ಚಿಪ್ (ವೋಲ್ಟೇಜ್ ಏರಿಸುವ ಚಿಪ್) ಮೂಲಕ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬಿಸಿ. ಎಲ್‌ಇಡಿ ಸದಾ ಉರಿಯದಿದ್ದರೂ ಆಗಾಗ ಮಿನುಗುತ್ತದೆ, ಮಕ್ಕಳಿಗೆ ಅದೇ ಹಬ್ಬ. ಪಕ್ಕದಲ್ಲಿ, ಕುಕ್ಕರಿನಲ್ಲಿ ಬೇಯಿಸಿದ ಕೆಸರಿನ ಡಬ್ಬಿಯೊಂದು ಇರಲೇಬೇಕು. ಅದರಲ್ಲಿ ಮೊದಲ ವಾರ ವೋಲ್ಟೇಜ್ ಬಾರದೆ, ಇದರಲ್ಲಿ ಏರಿದರೆ ಮಾತ್ರ ಇದು ಜೀವಿಗಳ ಕೆಲಸ ಎನ್ನಬಹುದು.

ಪ್ರಶ್ನೆ: ಇದರಿಂದ ಮನೆಗೆ ದೀಪ ಹಾಕಬಹುದೇ? ಮನೆಯಲ್ಲಿ ಸಗಣಿಗೆ ಕೊರತೆಯಿಲ್ಲ.
– ರೈತರು, ತೀರ್ಥಹಳ್ಳಿ

ಉತ್ತರ: ಬೇಡ. ಮೇಲಿನ ಡಬ್ಬಿ ವರ್ಷವಿಡೀ ದುಡಿದರೂ 9 ವ್ಯಾಟ್ ಬಲ್ಬು ಐದು ನಿಮಿಷ ಉರಿಯುವಷ್ಟೇ ಶಕ್ತಿ. ಸಗಣಿಯನ್ನು ಗೋಬರ್ ಗ್ಯಾಸಿಗೇ ಹಾಕಿ. ಬ್ಯಾಟರಿ ಬದಲಿಸಲು ಹೋಗಲಾಗದ ಕಡೆ ಕೆಸರಿನ ಕೋಶಕ್ಕೆ ಬೆಲೆಯಿದೆ: 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ನೀರಿನ ತಳದಲ್ಲಿಟ್ಟ 16 ಕಿಲೋ ತೂಕದ ಕೋಶ ಸುಮಾರು 36 ಮಿಲಿವ್ಯಾಟ್ ಕೊಟ್ಟಿತು. ತೇಲುವ ಹವಾಮಾನ ಕೇಂದ್ರಕ್ಕೆ ಬೇಕಿದ್ದದ್ದು ಸರಾಸರಿ 18.

ಪ್ರಶ್ನೆ: ಬ್ಯಾಕ್ಟೀರಿಯಾ ಇಲ್ಲದೆ, ಬರೀ ಕಿಣ್ವದಿಂದಲೂ ಕರೆಂಟು ಬರುತ್ತದಂತೆ. ಹಾಗಿದ್ದರೆ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅದರ ಹತ್ತಿರದ ನೆಂಟ ಔಷಧದಂಗಡಿಯಲ್ಲೇ ಇದೆ, ಸಕ್ಕರೆ ಕಾಯಿಲೆಯವರ ಗ್ಲುಕೋಮೀಟರ್ ಪಟ್ಟಿ. ಅಲ್ಲಿ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತು ಎಲೆಕ್ಟ್ರೋಡಿಗೆ ತಲುಪಿಸುತ್ತದೆ. ಪಟ್ಟಿ ಕೆಲವೇ ಸೆಕೆಂಡು ದುಡಿದರೆ ಸಾಕು. ಬ್ಯಾಟರಿ ತಿಂಗಳುಗಟ್ಟಲೆ ದುಡಿಯಬೇಕು. ತೊಡಕು ಅಲ್ಲಿದೆ.

ಇಂಥ ಕಿಣ್ವಗಳಲ್ಲೊಂದಾದ ಗ್ಲೂಕೋಸ್ ಆಕ್ಸಿಡೇಸ್‌ನ ಕ್ರಿಯಾಕೇಂದ್ರ ಪ್ರೋಟೀನಿನ ಒಳಗೆ ಆಳದಲ್ಲಿ ಹುದುಗಿದೆ. ಎಲೆಕ್ಟ್ರಾನ್ ಅಲ್ಲಿಂದ ಹೊರಬರಲು ಫೆರೋಸೀನ್‌ನಂಥ ಮಧ್ಯವರ್ತಿ ಬೇಕು. ಆಮ್ಲಜನಕ ಸಿಕ್ಕರೆ ಕಿಣ್ವ ಎಲೆಕ್ಟ್ರಾನನ್ನು ಅದಕ್ಕೇ ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಅದು ಕಿಣ್ವವನ್ನೇ ಕೆಡಿಸುತ್ತದೆ. ಗ್ಲೂಕೋಸ್ ಪೂರ್ತಿ ಉರಿದರೆ 24 ಎಲೆಕ್ಟ್ರಾನ್; ಈ ಒಂದು ಕಿಣ್ವ ತೆಗೆಯುವುದು 2 ಮಾತ್ರ. ಬ್ಯಾಕ್ಟೀರಿಯಾ ತನ್ನ ಕಿಣ್ವಗಳನ್ನು ತಾನೇ ಹೊಸದಾಗಿ ಮಾಡಿಕೊಳ್ಳುತ್ತದೆ, ಬಿಡಿ ಕಿಣ್ವಕ್ಕೆ ಆ ಅನುಕೂಲವಿಲ್ಲ.

ಆದರೂ ಶಕ್ತಿಯ ಲೆಕ್ಕದಲ್ಲಿ ಕಿಣ್ವವೇ ಮುಂದು. 2007ರಲ್ಲಿ ಸೋನಿ ಕಂಪನಿ ತೋರಿಸಿದ 39 ಮಿ.ಮೀ. ಘನದ ಕೋಶ ಸಕ್ಕರೆ ದ್ರಾವಣದಿಂದ 50 ಮಿಲಿವ್ಯಾಟ್ ಕೊಟ್ಟಿತ್ತು. ಅಂಥ ನಾಲ್ಕನ್ನು ಸೇರಿಸಿ ವಾಕ್‌ಮನ್ ನುಡಿಸಿದ್ದರು.