ಹಿಂಡಿ ಬಿಡಿಸಿ ಕ್ಯಾಪ್ಸೂಲ್ ಕೊಟ್ಟ ಮನೆ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರ ಬದಲಿಸಿದ್ದೇನೆ.)

ಕಲಬುರಗಿ ಸಮೀಪದ ಹಳ್ಳಿಯೊಂದರ, ಐವತ್ತರ ಆಸುಪಾಸಿನ ತಾಯಿ. ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಮುಗಿದಿದ್ದವು. ಗಡ್ಡೆ ಹಾರ್ಮೋನಿನಿಂದ ಬೆಳೆಯುವ ಬಗೆಯದು. ಹಾಗಾಗಿ ದಿನಕ್ಕೊಂದು ಟಾಮಾಕ್ಸಿಫೆನ್ ಗುಳಿಗೆ, ಐದು ವರ್ಷ. ಮನಸ್ಸಿನ ತೊಂದರೆಗೆಂದು ನನ್ನ ಬಳಿ ಕರೆದುಕೊಂಡು ಬಂದವನು ಮಗ. "ಅವ್ವ ಉಣವಲ್ಲಳು, ಯಾರ ಜೋಡಿನೂ ಮಾತಾಡವಲ್ಲಳು. ಡಿಪ್ರೆಷನ್ ಆಗ್ಯದೇನೋ ನೋಡ್ರಿ ಮೇಡಂ" ಎಂದ.

ಏನು ಉಣ್ಣುತ್ತೀರಿ ಎಂದು ತಾಯಿಯನ್ನು ಕೇಳಿದರೆ ಉತ್ತರ ಕೊಟ್ಟದ್ದೂ ಮಗನೇ. ಬೆಳಿಗ್ಗೆ ಗೋಧಿಹುಲ್ಲಿನ ರಸ. ಆಮೇಲೆ ಅರಿಶಿನ-ಮೆಣಸಿನ ಸಾರದ ಕ್ಯಾಪ್ಸೂಲ್. ಸಂಜೆ ಮುಳ್ಳುರಾಮಫಲದ ಎಲೆಪುಡಿಯ ಕಷಾಯ. ಬಿಡಿಸಿದ್ದು ಶೇಂಗಾ ಹಿಂಡಿ, ಅಗಸಿ ಹಿಂಡಿ (ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ), ತೊಗರಿಬ್ಯಾಳಿ, ಹಾಲು. ಅಗಸಿಯಲ್ಲಿ ಹೆಣ್ಣಿನ ಹಾರ್ಮೋನ್ ಇದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ತೊಗರಿಯ ಕಣಜ ಎನ್ನಿಸಿಕೊಂಡ ಸೀಮೆಯಲ್ಲಿ ಬ್ಯಾಳಿ, ಹಿಂಡಿ ಎರಡನ್ನೂ ತಟ್ಟೆಯಿಂದ ತೆಗೆದರೆ ರೊಟ್ಟಿಗೆ ಹಚ್ಚಿಕೊಳ್ಳಲು ಉಳಿಯುವುದಾದರೂ ಏನು?

ಮಗನನ್ನು ಹೊರಗೆ ಕೂರಲು ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಆಕೆ ಚೆನ್ನಾಗಿಯೇ ಮಾತಾಡಿದರು. "ನನ್ನ ಸಲುವಾಗೇ ಮಾಡ್ಲಿಕತ್ತಾನ ಅಕ್ಕಾರ, ಬ್ಯಾಡ ಅಂದ್ರ ಕಣ್ಣಾಗ ನೀರು ತರ್ತಾನ. ಆದ್ರ ನಾ ಏನು ದನಾನಾ, ಹುಲ್ಲಿನ ರಸ ಕುಡೀಲಾಕ?" ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೊರಬಂತು. ಗುಳಿಗೆಯಿಂದ ರಾತ್ರಿ ಮೈಯೆಲ್ಲ ಬಿಸಿಯೇರಿ ಬೆವರು ಕಿತ್ತುಬರುತ್ತಿತ್ತು, ನಿದ್ದೆ ಇರಲಿಲ್ಲ. ಅದಕ್ಕೆ ಸುಮ್ಮನೆ ಗುಳಿಗೆ ಬಿಟ್ಟಿದ್ದರು. "ಅರಿಶಿಣದ್ದು ನುಂಗ್ತೀನಲ್ಲ, ಅದೇ ಸಾಕು ಅನಿಸ್ತು."

ಖಿನ್ನತೆಯ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟೆ. ಅದು ಕಾಯಬಹುದು, ಇದು ಕಾಯುವ ವಿಷಯವಲ್ಲ. ಈ ಬಗೆಯ ಕ್ಯಾನ್ಸರಿನಲ್ಲಿ ಐದು ವರ್ಷ ಟಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ. ಸಾವಿರಾರು ಮಹಿಳೆಯರನ್ನು ಹದಿನೈದು ವರ್ಷ ಗಮನಿಸಿ ಕಂಡುಕೊಂಡದ್ದು ಇದು. ಅರಿಶಿನದ ಕ್ಯಾಪ್ಸೂಲಿಗೆ ಅಂಥ ಆಧಾರ ಯಾವುದೂ ಇಲ್ಲ. ಬಿಸಿಯೇರುವುದಕ್ಕೆ ವೈದ್ಯರ ಬಳಿ ಉಪಾಯಗಳಿವೆ, ಆದರೆ ಗುಳಿಗೆ ಬಿಟ್ಟದ್ದು ಅವರಿಗೆ ತಿಳಿಯಬೇಕು. ಈ ವಾರವೇ ನೀವೇ ಹೇಳಿ ಎಂದೆ. ಮಗನಿಗೆ ನಿಮ್ಮ ಒಪ್ಪಿಗೆಯಿಲ್ಲದೆ ಹೇಳುವುದಿಲ್ಲ ಎಂದಾಗ ಆಕೆ ಒಂದು ಕ್ಷಣ ಯೋಚಿಸಿ, "ಹೇಳ್ರಿ, ನನಗ ಆಗಂಗಿಲ್ಲ" ಎಂದರು.

ಮಗ ಒಳಗೆ ಬಂದು ಕೇಳಿಸಿಕೊಂಡ. ಮೊದಲು ಸಿಟ್ಟು. ಆಮೇಲೆ ನೇರ ಪ್ರಶ್ನೆ: "ಗಿಡದ್ದು ಅಲ್ರಿ, ಅದರಿಂದ ಏನು ಕೆಡುಕು ಆಗ್ತದ?"

ನಿಮ್ಮ ತಾಯಿಗೆ ಕೀಮೋದಲ್ಲಿ ಏನು ಹಾಕಿದ್ದರು ಎಂದು ಫೈಲು ತೆಗೆಸಿದೆ. ಪ್ಯಾಕ್ಲಿಟ್ಯಾಕ್ಸೆಲ್ ಇತ್ತು. ಅದು ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಗುಡಿ ಅಂಗಳದಲ್ಲಿ ಬೆಳೆಯುವ ಕಾಶಿಕಣಗಿಲೆಯಿಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಬಂದಿದೆ; ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣಎಲೆ ಬೇಕು, ಅಳತೆ ತಪ್ಪಿದರೆ ನರಕ್ಕೆ ಹೊಡೆತ. ಗಿಡಕ್ಕೆ ಔಷಧದ ಬಲ ಇದೆ ಎಂದು ಒಪ್ಪುವವನು ಔಷಧದಂತೆಯೇ ಅದು ಇನ್ನೊಂದು ಔಷಧದ ದಾರಿಗೆ ಅಡ್ಡ ಬರಬಹುದು ಎಂಬುದನ್ನೂ ಒಪ್ಪಬೇಕಲ್ಲ?

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಅಂಶ ಇರುವುದು ನೂರಕ್ಕೆ ಮೂರರಷ್ಟು, ಅದರಲ್ಲಿ ರಕ್ತ ಸೇರುವುದು ತೀರ ಕಡಿಮೆ. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ನಿಜ, ಆದರೆ ಆ ಪ್ರಮಾಣ ಸಾರು-ಪಲ್ಯದಿಂದ ಮೈಗೆ ಏರದು. ಅದಕ್ಕೇ ಮೆಣಸಿನ ಪಿಪೆರಿನ್ ಬೆರೆಸುತ್ತಾರೆ. ಬೆಂಗಳೂರಿನಲ್ಲೇ ನಡೆದ ಪ್ರಯೋಗವೊಂದರ 1998ರ ವರದಿಯಲ್ಲಿ ಹೀಗೆ ಬೆರೆಸಿದಾಗ ಹೀರಿಕೆ ಇಪ್ಪತ್ತು ಪಟ್ಟು ಏರಿತ್ತು. ಮಾರುವವರು ಇದನ್ನಷ್ಟೇ ಹೇಳುತ್ತಾರೆ. ಟಾಮಾಕ್ಸಿಫೆನ್ ಲಿವರಿನಲ್ಲಿ ಎಂಡಾಕ್ಸಿಫೆನ್ ಆದ ಮೇಲೆಯೇ ಪೂರ್ತಿ ಕೆಲಸ ಮಾಡುತ್ತದೆ. 2019ರಲ್ಲಿ ನೆದರ್ಲೆಂಡ್ಸಿನ ಸಣ್ಣ ಅಧ್ಯಯನವೊಂದರಲ್ಲಿ ಕರ್ಕ್ಯುಮಿನ್-ಪಿಪೆರಿನ್ ಜೊತೆಗೆ ಕೊಟ್ಟಾಗ ಆ ಎಂಡಾಕ್ಸಿಫೆನ್ ಮಟ್ಟವೇ ಇಳಿಯಿತು. ಅಂದರೆ ತಾಯಿ ಗುಳಿಗೆ ತಪ್ಪಿಸದೇ ಇದ್ದಿದ್ದರೂ ಕ್ಯಾಪ್ಸೂಲ್ ಅದರ ಬಲ ಕಡಿಮೆ ಮಾಡುವ ಸಾಧ್ಯತೆ ಇತ್ತು. ಮಗ ಸುಮ್ಮನಾದ.

ಗಜ್ಜರಿಯ ಉದಾಹರಣೆಯನ್ನೂ ಕೊಟ್ಟೆ. ಅದರ ಬಣ್ಣದ ಬೀಟಾ ಕ್ಯಾರೊಟಿನ್ನನ್ನು ಗುಳಿಗೆ ಮಾಡಿ ಫಿನ್ಲೆಂಡಿನ ಸಿಗರೇಟು ಸೇದುವ ಗಂಡಸರಿಗೆ ಕೊಟ್ಟರು; 1994ರಲ್ಲಿ ಲೆಕ್ಕ ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಗಜ್ಜರಿ ತಿನ್ನುವವರಲ್ಲಿ ಹಾಗೆ ಕಂಡಿಲ್ಲ.

ಕೊಟ್ಟ ಸಲಹೆ ಇಷ್ಟು. ಕ್ಯಾಪ್ಸೂಲ್, ಎಲೆಪುಡಿ ಎರಡೂ ಅಂದೇ ಬಂದ್; ಮುಳ್ಳುರಾಮಫಲದ ಅನೊನಾಸಿನ್ ನರಕೋಶಕ್ಕೆ ವಿಷ, ಅದನ್ನು ಹೆಚ್ಚು ಬಳಸುವ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ ನಡುಗುರೋಗದ ಜೊತೆ ಅದರ ನಂಟು ಕಂಡಿದೆ. ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕ್ಯಾನ್ಸರ್ ವೈದ್ಯರಿಗೆ ತೋರಿಸುವುದು. ಅಡುಗೆಯ ಅರಿಶಿನ, ಮೆಣಸು ಎಂದಿನಂತೆ. ಬ್ಯಾಳಿ, ಶೇಂಗಾ ಹಿಂಡಿ ಮರಳಿ ತಟ್ಟೆಗೆ. ಕೀಮೋದಲ್ಲಿ ಸೊರಗಿದ ಮೈಗೆ ಪ್ರೋಟೀನ್ ಬೇಕು. ಅಗಸಿಯ ಲಿಗ್ನಾನ್ ಎಂಬ ಅಂಶಗಳು ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನನ್ನು ಹೋಲುತ್ತವೆ ನಿಜ, ಬಲ ಮಾತ್ರ ಅತಿ ದುರ್ಬಲ. ಊಟದ ಜೊತೆ ಒಂದು ಚಮಚ ಹಿಂಡಿಗೆ ಹೆದರಬೇಕಿಲ್ಲ. ಹಾಗೆಂದು ಅಗಸಿಯೇ ಮದ್ದು ಎಂದು ಬಟ್ಟಲುಗಟ್ಟಲೆ ತಿನ್ನಿಸುವುದೂ ಬೇಡ ಎಂದು ಮಗನಿಗೆ ಒತ್ತಿ ಹೇಳಿದೆ, ಅವನ ಸ್ವಭಾವ ಅಷ್ಟೊತ್ತಿಗೆ ತಿಳಿದಿತ್ತು.

ಅವನಿಗೆ ಮಾಡಲು ಏನಾದರೂ ಬೇಕಿತ್ತು. ರಾತ್ರಿ ಊಟವಾದ ಮೇಲೆ ಗುಳಿಗೆ ಕೈಗೆ ಕೊಡುವುದು, ಸಂಜೆ ಅವ್ವನ ಜೊತೆ ನಡೆಯುವುದು, ತಪಾಸಣೆಯ ತಾರೀಖು ನೋಡಿಕೊಳ್ಳುವುದು ಅವನ ಪಾಲಿಗೆ ಬಂದವು. ತಾಯಿಗೆ ಹೇಳಿದ್ದು ಒಂದೇ: ಬೇಡ ಅನಿಸಿದ್ದನ್ನು ಬಾಯಿಬಿಟ್ಟು ಅನ್ನಿ, ಅವನು ಅತ್ತರೆ ಅಳಲಿ.

ವೈದ್ಯರು ಗುಳಿಗೆ ಮತ್ತೆ ಶುರು ಮಾಡಿಸಿದರು. ಬಿಸಿಯೇರುವುದು ಇನ್ನೂ ಇದೆ, ಮೊದಲಿನಷ್ಟಿಲ್ಲ. ಮನಸ್ಸಿನ ಕುಗ್ಗು ಪೂರ್ತಿ ಹೋಗಿಲ್ಲ, ಆ ಕುರಿತ ಭೇಟಿಗಳು ನಡೆಯುತ್ತಿವೆ. ಒಡೆಯದ ಕ್ಯಾಪ್ಸೂಲ್ ಡಬ್ಬಿಗಳು ಮನೆಯಲ್ಲಿ ಉಳಿದಿದ್ದವಂತೆ. ಓಣಿಯಲ್ಲಿ ಇನ್ನೊಬ್ಬರಿಗೆ ಇದೇ ಕಾಯಿಲೆ ಅದ, ಅವರಿಗೆ ಕೊಡಲೇ ಎಂದು ಮಗ ಫೋನ್ ಮಾಡಿ ಕೇಳಿದ. ಬೇಡ ಎಂದೆ.