ಫೈನಲ್ ಇಯರ್ ಮಕ್ಕಳಿಗೆ ಕೆಲಸದ ಇಂಗ್ಲಿಷ್: ಎಲ್ಲಿಂದ ಶುರು ಮಾಡೋದು?

ಶಿವಮೊಗ್ಗದಲ್ಲಿ ಹೊಸದಾಗಿ ಗೆಸ್ಟ್ ಲೆಕ್ಚರರ್ ಆಗಿದ್ದೀರಿ, ಬಿ.ಕಾಂ. ಕೊನೇ ವರ್ಷದವರನ್ನು ಇಂಟರ್‌ವ್ಯೂಗೆ ತಯಾರು ಮಾಡಬೇಕು, ಮಕ್ಕಳು ಬಾಯೇ ಬಿಡುವುದಿಲ್ಲ, ಗ್ರಾಮರ್‌ನಿಂದ ಶುರು ಮಾಡಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಾನೂ ಇದೇ ಜಿಲ್ಲೆಯಲ್ಲಿ ಇದೇ ಪಾಠ ಮಾಡುವವನು.

'ಮೈಸೆಲ್ಫ್ ಸೋ ಅಂಡ್ ಸೋ' ಅಂತ ಉರು ಹೊಡೆಸುವ ಸೆಲ್ಫ್ ಇಂಟ್ರೊಡಕ್ಷನ್ನೂ ಬೇಡ. ಎದುರಿನವರು ನಡುವೆ ಒಂದು ಪ್ರಶ್ನೆ ಹಾಕಿದರೆ ಸಾಕು, ಅಷ್ಟೂ ಮರೆತುಹೋಗುತ್ತದೆ. ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನೇ ಹೇಳಿಸಿ.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ತಲೆ ಎತ್ತುತ್ತಲೇ ಇರಲಿಲ್ಲ. ಗೊನೆ ಕೊಯ್ಲಿನಿಂದ ಮಂಡಿವರೆಗೆ ಅಡಿಕೆ ಕತೆ ಹೇಳಮ್ಮ ಅಂದೆ. 'ವಿ ಪೀಲ್, ವಿ ಬಾಯಿಲ್ ಇನ್ ಚೊಗರು, ವಿ ಡ್ರೈ' ಅಂದಳು. (ಚೊಗರು ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ರಸ.) 'ವೈ ಚೊಗರು?' ಅಂದೆ. 'ಫಾರ್ ಕಲರ್ ಸರ್, ಅದರ್‌ವೈಸ್ ನೋ ರೇಟ್!' ಉತ್ತರ ತಟ್ಟನೆ ಬಂತು. ಅದನ್ನೇ ಬೋರ್ಡಿನ ಮೇಲೆ 'ದಿ ನಟ್ಸ್ ಆರ್ ಪೀಲ್ಡ್, ದೆನ್ ದೇ ಆರ್ ಬಾಯಿಲ್ಡ್' ಅಂತ ತಿದ್ದಿ ಬರೆದೆ. ಪ್ಯಾಸಿವ್ ವಾಯ್ಸ್ ಅಲ್ಲೇ ಆಯಿತಲ್ವಾ? ನಾಳೆ ಆಫೀಸಿನಲ್ಲಿ 'ದಿ ಇನ್‌ವಾಯ್ಸ್ ಈಸ್ ಚೆಕ್ಡ್, ದೆನ್ ದಿ ಪೇಮೆಂಟ್ ಈಸ್ ರಿಲೀಸ್ಡ್' ಅನ್ನುವುದೂ ಇದೇ ಅಚ್ಚಿನ ವಾಕ್ಯ. ಬೆಟ್ಟೆ, ರಾಶಿ, ಗೊರಬಲು ಅನ್ನುವ ಅಡಿಕೆ ದರ್ಜೆಗಳಿಗೆ ರೇಟು ಯಾಕೆ ಬೇರೆ ಬೇರೆ ಅಂತ ಕೇಳಿದರೆ ಹೋಲಿಕೆಯ ವಾಕ್ಯಗಳು ತಾವಾಗಿ ಬರುತ್ತವೆ. ತೋಟ ಇಲ್ಲದವರಿಗೆ ಅಪ್ಪನ ಗ್ಯಾರೇಜು, ಅಮ್ಮನ ಹೊಲಿಗೆ, ಸಂಘದ ಲೆಕ್ಕ, ಏನಾದರೂ ಇದ್ದೇ ಇರುತ್ತದೆ. ಮೊದಲು ಕನ್ನಡದಲ್ಲಿ ಮಾತಾಡಿಕೊಂಡು ತಯಾರಾಗಲಿ, ಬಿಡಿ. ಹೇಳುವಾಗ ಮಾತ್ರ ಇಂಗ್ಲಿಷ್.

ಮಧ್ಯೆ ಮಧ್ಯೆ ತಿದ್ದಬೇಡಿ. ಹೇಳಿ ಮುಗಿದ ಮೇಲೆ ಎರಡೇ ತಪ್ಪು ಹಿಡಿಯಿರಿ, ಸಾಕು.

ಇಮೇಲ್ ವಿಷಯ. ಹೈಸ್ಕೂಲಿನ ರಜಾ ಅರ್ಜಿಯನ್ನೇ ಎಲ್ಲರೂ ಇಳಿಸುತ್ತಾರೆ: 'ವಿತ್ ರೆಫರೆನ್ಸ್ ಟು ದಿ ಅಬವ್ ಸಬ್ಜೆಕ್ಟ್, ಐ ದಿ ಅಂಡರ್‌ಸೈನ್ಡ್...' ಆದರೆ ಸಬ್ಜೆಕ್ಟ್ ಜಾಗ ಮಾತ್ರ ಖಾಲಿ! ಅಲ್ಲಿ ಯಾವ ಹುದ್ದೆ, ಯಾರು ಅನ್ನುವುದು ಬರಲಿ. ಮೊದಲ ವಾಕ್ಯದಲ್ಲೇ ಏನು ಬೇಕು ಅಂತ ಇರಲಿ. ರೆಸ್ಯೂಮೆ ಲಗತ್ತಿಸಿದೆಯಾ ಅಂತ ನೋಡಿಯೇ ಕಳಿಸಲಿ. ಇದಕ್ಕೆ ಒಂದು ಪೀರಿಯಡ್ ಸಾಕು.

ಅಂದಹಾಗೆ, ಈ ಕ್ಲಾಸನ್ನು ಕೊನೇ ಪೀರಿಯಡ್‌ಗೆ ಹಾಕಿಸಿಕೊಳ್ಳಬೇಡಿ. ಹೊಸನಗರ ಕಡೆಯವರ ಕಣ್ಣೆಲ್ಲ ಬಸ್ಸಿನ ಮೇಲೇ ಇರುತ್ತದೆ.

ಉಚ್ಚಾರಣೆ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದವರ ಹಾಗೆ ಮಾತಾಡಿಸಲು ಸುಮ್ನೆ ಒದ್ದಾಡಬೇಡಿ, ನಿಧಾನವಾಗಿ ಬಿಡಿಸಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಸಂಖ್ಯೆಗಳನ್ನು ಮಾತ್ರ ಬಿಡಬೇಡಿ. ಫೋನಿನಲ್ಲಿ ಥರ್ಟೀನ್ ಯಾವುದು, ಥರ್ಟಿ ಯಾವುದು ಗೊತ್ತಾಗದೆ ಬಿಲ್ಲೇ ತಪ್ಪುತ್ತದೆ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಬ್ಬರು ಮೊತ್ತ, ತಾರೀಕು ಹೇಳಲಿ, ಇನ್ನೊಬ್ಬರು ಬರೆದುಕೊಂಡು 'ಒನ್ ತ್ರೀ, ಥರ್ಟೀನ್, ರೈಟ್?' ಅಂತ ಕೇಳಿ ಖಚಿತ ಮಾಡಿಕೊಳ್ಳಲಿ. ನಾನು ವಾರಕ್ಕೊಮ್ಮೆ ಮಾಡಿಸುತ್ತೇನೆ, ಅವತ್ತು ಹಾಜರಿ ಜಾಸ್ತಿ.