14 ತಿಂಗಳು ಗೋಡೆಗೆ ಒರಗಿದ್ದ ತೇಗ

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದ ಒಬ್ಬರ ಕತೆ ಇದು. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 44 ವರ್ಷ. ಮೈಸೂರಿನವರು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅಂದರೆ ದಿನವಿಡೀ ತಪ್ಪು ಹುಡುಕುವುದು. ಬಿಡುವಿನಲ್ಲಿ ಮರಗೆಲಸ. ಮಗಳಿಗೆ ಓದುವ ಮೇಜು ಮಾಡಿಕೊಡ್ತೀನಿ ಅಂತ ಮಾತು ಕೊಟ್ಟು ತೇಗದ ಹಲಗೆ ತಂದರು. ಆಗ ಅವಳು ಐದನೇ ಕ್ಲಾಸು. ನನ್ನ ಬಳಿ ಬಂದಾಗ ಆರು ಮುಗಿಯುತ್ತಾ ಬಂದಿತ್ತು. ಇನ್ನೂ ಊಟದ ಮೇಜಿನ ಮೇಲೇ ಓದುತ್ತಿದ್ದಳು.

"ರಾತ್ರಿ ಒಂದರವರೆಗೂ ಮರಗೆಲಸದ ವಿಡಿಯೊ ನೋಡ್ತಾರೆ ಮೇಡಂ. ಉಳಿ ಮಾತ್ರ ಮುಟ್ಟಲ್ಲ. ಕೇಳಿದ್ರೆ ರೇಗ್ತಾರೆ," ಅಂದರು ಹೆಂಡತಿ. ಅವರೇ ಕರೆತಂದದ್ದು.

ಗಂಡನ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಪುಟ ಪುಟದಲ್ಲೂ ಮೇಜು. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಮೇಲಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟರೆ ಸೀಳುತ್ತೆ ಅನ್ನುವುದು ದೊಡ್ಡ ಚಿಂತೆ. ಆ ಚಿಂತೆ ಸುಳ್ಳಲ್ಲ. ಮರ ಉದ್ದಕ್ಕೆ ಹೆಚ್ಚುಕಡಿಮೆ ಆಗುವುದಿಲ್ಲ ಅನ್ನಬಹುದು, ಅಗಲಕ್ಕೆ ಮಾತ್ರ ಹಿಗ್ಗುತ್ತೆ, ಕುಗ್ಗುತ್ತೆ. ಸ್ಕ್ರೂ ಹಾಕುವ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಎಳೆದು ಕೊರೆದರೆ ಹಲಗೆಗೆ ಅಲುಗಾಡಲು ಜಾಗ ಸಿಗುತ್ತೆ. ಈ ಉಪಾಯ ಅವರ ನೋಟ್‌ಬುಕ್ಕಿನ ಮೂರನೇ ಪುಟದಲ್ಲೇ ಇತ್ತು. ಉತ್ತರ ಸಿಕ್ಕ ಮೇಲೂ ಒಂದು ವರ್ಷ ಅದನ್ನೇ ಹುಡುಕಿದ್ದಾರೆ.

ಹಾಗಾಗಿ ಮರದ ಮಾತು ಬಿಟ್ಟೆ. "ಈ ಹಲಗೆಗೆ ಒಂದು ಸಲವಾದರೂ ಗರಗಸ ಹಾಕಿದ್ದೀರಾ?" ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಮೊದಲ ವಾರವೇ ಮೇಜಿನ ಒಂದು ಕಾಲು ಕೊಯ್ದಿದ್ದರು. 4 ಮಿಲಿಮೀಟರ್ ಗಿಡ್ಡ ಆಯಿತು. ಅದನ್ನು ಮಂಚದ ಕೆಳಗೆ ಇಟ್ಟುಬಿಟ್ಟರು. ಹೆಂಡತಿಗೂ ಗೊತ್ತಿರಲಿಲ್ಲ. ಉಳಿದ ಮೂರು ಕಾಲನ್ನೂ ಅದೇ ಅಳತೆಗೆ ಕೊಯ್ದರೆ ಆಯಿತು ಅನ್ನುವುದು ಅವರಿಗೂ ಗೊತ್ತು. "ಆಫೀಸಲ್ಲಿ ತಪ್ಪಾದ್ರೆ ಹಿಂದಕ್ಕೆ ಹೋಗಬಹುದು ಮೇಡಂ. ಕೊಯ್ದ ಮರ ಮತ್ತೆ ಕೂಡಲ್ಲ," ಅಂದರು.

ಆ ಮಾತು ನನ್ನನ್ನು ತಟ್ಟಿತು. ಇವರು ಸೋಮಾರಿ ಅಲ್ಲವೇ ಅಲ್ಲ. ಇನ್ನೊಂದು ವಿಡಿಯೊ ನೋಡಿದಾಗಲೆಲ್ಲ 'ಇವತ್ತು ಕೊಯ್ಯಬೇಕಿಲ್ಲ' ಅನ್ನುವ ಸಮಾಧಾನ ಸಿಗುತ್ತೆ. ಆ ಸಮಾಧಾನವೇ ನಾಳೆ ಇನ್ನೊಂದು ವಿಡಿಯೊ ನೋಡಿಸುತ್ತೆ. ಹೆದರಿಕೆ ಮಾತ್ರ ಇದ್ದಲ್ಲೇ ಇರುತ್ತೆ.

ಮೊದಲು ತೇಗದ ಮೇಲೆ ಬಟ್ಟೆ ಮುಚ್ಚಲು ಹೇಳಿದೆ. ಪ್ಯಾಕಿಂಗ್ ಪೆಟ್ಟಿಗೆಯ ಅಗ್ಗದ ಪೈನ್ ಮರ ತನ್ನಿ, ಒಂದು ಮಣೆ ಮಾಡಿ ಅಂದೆ. ಭಾನುವಾರ ಬೆಳಿಗ್ಗೆ ಶುರು, ದೀಪ ಹಚ್ಚುವ ಹೊತ್ತಿಗೆ ಅದರ ಮೇಲೆ ಕೂತಿರಬೇಕು. ಎಲ್ಲಾದರೂ ತಪ್ಪಾದರೆ ಒಂದನ್ನು ಬೇಕಂತಲೇ ಸರಿಮಾಡದೆ ಬಿಡಬೇಕು. ಆ ತಪ್ಪನ್ನು ಮನೆಯವರಿಗೆ ತೋರಿಸಬೇಕು. ಅವರಿಗೆ ಕಷ್ಟವಾದದ್ದು ಈ ಕೊನೆಯ ಮಾತೇ. ಎರಡು ಭಾನುವಾರ ತಪ್ಪಿಸಿದರು. ನಾನು ಒತ್ತಾಯ ಮಾಡಲಿಲ್ಲ.

ಬದಲಿಗೆ, ಪರಿಚಯದ ಆಚಾರಿಯೊಬ್ಬರ ಬಳಿ ಅರ್ಧ ದಿನ ಸುಮ್ನೆ ಕೂತು ಬನ್ನಿ ಅಂದೆ. ಹೋಗಿ ಬಂದವರು ಮಗುವಿನ ಹಾಗೆ ಹೇಳಿದರು: "ಕೂಡಿಸಿದ ಕಡೆ ಸಂದು ಬಿತ್ತು ಮೇಡಂ. ಅವರು ಮಾತು ನಿಲ್ಲಿಸಲೇ ಇಲ್ಲ. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದರು, ಒಣಗಿದ ಮೇಲೆ ಉಜ್ಜಿದರು, ಅಷ್ಟೇ." ತಪ್ಪೇ ಮಾಡದ ಕೈ ಇರುತ್ತೆ ಅಂತ ಅವರು ನಂಬಿದ್ದರು. ವಿಡಿಯೊಗಳಲ್ಲಿ ಆ ಸಂದು ಕಾಣುವುದಿಲ್ಲ, ಅಲ್ವಾ? ಆ ಭಾನುವಾರವೇ ಮಣೆ ಆಯಿತು.

ಮೇಜಿಗೆ ಬಂದಾಗ ಒಂದೇ ಕೆಲಸ ಕೊಟ್ಟೆ. ಮೇಜಿಂದ ಏನಾಗಬೇಕು ಅಂತ ಮೊದಲೇ ಬರೆಯಿರಿ ಅಂದೆ. ಅವರು ಬರೆದದ್ದು: ಮಗಳ ಮಂಡಿ ಒಳಗೆ ಹಿಡಿಯಬೇಕು, ಬರೆಯುವಾಗ ಅಲ್ಲಾಡಬಾರದು, ಮಳೆಗಾಲದಲ್ಲಿ ಸೀಳಬಾರದು. ಇಷ್ಟು ಪೂರೈಸುವ ಮೊದಲ ಚಿತ್ರ ಸಿಕ್ಕ ಕೂಡಲೇ ನೋಟ್‌ಬುಕ್ ಮುಚ್ಚಬೇಕು. ಇನ್ನೂ ಚೆನ್ನಾಗಿರುವುದು ಇದೆಯಾ ಅಂತ ಹುಡುಕಬಾರದು. ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಹೇಳಿದ್ದೂ ಇದೇ ದಾರಿ. ಅತ್ಯುತ್ತಮವನ್ನು ಹುಡುಕುತ್ತಾ ಕೂರುವ ಬದಲು, ಸಾಕು ಅನ್ನುವ ಗೆರೆಯನ್ನು ಮುಂಚೆಯೇ ಎಳೆದುಕೊಳ್ಳುವುದು.

ಇದೇ ತರಹದ ಯೋಚನೆ ಆಫೀಸು, ಹಣ, ಆರೋಗ್ಯ ಎಲ್ಲದಕ್ಕೂ ಹರಡಿ ನಿದ್ದೆ ಕೆಡಿಸುತ್ತಿದ್ದರೆ ನಾನು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ನಿಮ್ಮಲ್ಲಿ ಯಾರಿಗಾದರೂ ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಐದನೇ ಭೇಟಿಗೆ ಬಂದಾಗ ಫೋಟೊ ತೋರಿಸಿದರು. ನಾಲ್ಕೂ ಕಾಲು 4 ಮಿಲಿಮೀಟರ್ ಗಿಡ್ಡ. ಪಾಲಿಶ್ ಇನ್ನೂ ಹಚ್ಚಿಲ್ಲ. ಎಣ್ಣೆಯೋ, ಮೆಲಮೈನೋ ಅಂತ ಹತ್ತು ದಿನದಿಂದ ಯೋಚಿಸುತ್ತಿದ್ದಾರೆ. ಉಳಿದ ತುಂಡಿನ ಎರಡು ಬದಿಗೆ ಎರಡನ್ನೂ ಹಚ್ಚಿ ಮಗಳನ್ನೇ ಕೇಳಿ ಅಂದೆ. ಅವಳು ಆಗಲೇ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಾಳಂತೆ, ಎತ್ತಲು ಬಿಡುತ್ತಿಲ್ಲವಂತೆ.